ಪಲಾವ್‌ನ ಕಲ್ಲುಹೂವಿಗೆ ನೆಂಟರು ಯಾರು? ಒಂದು ಲೈಕೆನ್ ಕುಟುಂಬದ ವಂಶಾವಳಿ ಓದುವ ಬಗೆ

ನಮ್ಮಮ್ಮ ಪಲಾವ್ ಮಾಡುವಾಗ ಚಕ್ಕೆ, ಲವಂಗದ ಜೊತೆ ಎರಡು ಎಸಳು ಕಲ್ಲುಹೂವು ಎಣ್ಣೆಗೆ ಬೀಳಲೇಬೇಕು. ಉತ್ತರ ಕರ್ನಾಟಕದ ಮಸಾಲೆ ಖಾರಕ್ಕೂ ಅದು ಬೇಕು. ಹಾಗೇ ಮೂಸಿದರೆ ಹೇಳಿಕೊಳ್ಳುವಂಥ ವಾಸನೆಯಿಲ್ಲ. ಬಿಸಿ ಎಣ್ಣೆ ತಾಗಿದ ಕೂಡಲೇ ಮಣ್ಣು, ಹೊಗೆ, ಮಳೆ ನಿಂತ ಕಾಡು, ಎಲ್ಲ ಸೇರಿದಂಥ ಘಮ ಏಳುತ್ತದೆ. ಒಂದು ದಿನ ಆ ಪ್ಯಾಕೆಟ್ಟನ್ನು ಬಿಳಿ ಹಾಳೆಯ ಮೇಲೆ ಸುರಿದು ಭೂತಗನ್ನಡಿ ಹಿಡಿದು ಕೂತೆ. "ಅಡುಗೆಗೆ ಹಾಕೋದನ್ನ ಹಿಂಗೆ ಹರವಿಕೊಂಡು ಏನ್ ನೋಡ್ತಿದ್ದೀಯ?" ಅಂದರು ಅಮ್ಮ. ಒಂದೇ ಹೆಸರಿನ ಪ್ಯಾಕೆಟ್ಟಿನಲ್ಲಿ ಕನಿಷ್ಠ ಮೂರು ಬೇರೆ ಬೇರೆ ಜೀವಿಗಳಿದ್ದವು.

ಅವುಗಳಲ್ಲಿ ಹೆಚ್ಚಿನವು ಪಾರ್ಮೀಲಿಯೇಸಿ ಎಂಬ ಕುಟುಂಬದವು. ಲೈಕೆನ್‌ಗಳಲ್ಲಿ, ಅಂದರೆ ಶಿಲೀಂಧ್ರ ಮತ್ತು ಪಾಚಿ ಕೂಡಿ ಬಾಳುವ ಜೀವಿಗಳಲ್ಲಿ, ಇದೇ ಅತಿ ದೊಡ್ಡ ಕುಟುಂಬ. ಸುಮಾರು 80 ಕುಲಗಳು, 2,700ಕ್ಕಿಂತ ಹೆಚ್ಚು ಪ್ರಭೇದಗಳು. ಇವುಗಳಲ್ಲಿ ಯಾರು ಯಾರಿಗೆ ಹತ್ತಿರ, ಯಾರನ್ನು ಯಾವ ಕುಲಕ್ಕೆ ಸೇರಿಸಬೇಕು ಅನ್ನುವ ಜಗಳ 200 ವರ್ಷದಿಂದ ನಡೆಯುತ್ತಿದೆ. ಆ ಜಗಳವನ್ನು ಅರ್ಥಮಾಡಿಕೊಳ್ಳಲು ಪ್ರಯೋಗಾಲಯವೇ ಬೇಕೆಂದಿಲ್ಲ. ಒಂದು ಪ್ಯಾಕೆಟ್ ಕಲ್ಲುಹೂವು, 10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ, ಒಂದು ಬ್ಲೇಡು, ಇಂಟರ್ನೆಟ್ ಇರುವ ಕಂಪ್ಯೂಟರ್, ಎರಡು ಭಾನುವಾರ. ಇಷ್ಟಿದ್ದರೆ ಶುರು ಮಾಡಬಹುದು.

ಮೊದಲು: ಹೆಸರು ಯಾರದ್ದು ಅಂತ ತಿಳಿಯಿರಿ

ಕಲ್ಲುಹೂವು ಹೂವೂ ಅಲ್ಲ, ಗಿಡವೂ ಅಲ್ಲ. ಒಂದು ಶಿಲೀಂಧ್ರ ತನ್ನ ಎಳೆಗಳ ನಡುವೆ ಪಾಚಿಯನ್ನು ಸಾಕಿಕೊಂಡು ಕಟ್ಟಿದ ಮನೆ ಅದು. ಪಾಚಿ ಬಿಸಿಲಿನಿಂದ ಸಕ್ಕರೆ ಮಾಡಿ ಕೊಡುತ್ತದೆ. ಶಿಲೀಂಧ್ರ ಗೋಡೆ, ಸೂರು, ತೇವ ನೋಡಿಕೊಳ್ಳುತ್ತದೆ. ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡನರ್ 1860ರ ದಶಕದ ಕೊನೆಯಲ್ಲಿ ಇದನ್ನು ಹೇಳಿದಾಗ ಆ ಕಾಲದ ಲೈಕೆನ್ ಪಂಡಿತರು ಅವರ ಮೇಲೆ ಉರಿದುಬಿದ್ದಿದ್ದರು.

ನಮ್ಮ ಕೆಲಸಕ್ಕೆ ಬೇಕಾದ ನಿಯಮ ಒಂದೇ: ಲೈಕೆನ್‌ಗೆ ಇಟ್ಟ ವೈಜ್ಞಾನಿಕ ಹೆಸರು ಅದರ ಶಿಲೀಂಧ್ರಕ್ಕೆ ಸೇರಿದ್ದು. ಪಾಚಿಗೆ ಬೇರೆ ಹೆಸರಿದೆ. ಪಾರ್ಮೀಲಿಯೇಸಿಯಲ್ಲಿ ಸಾಮಾನ್ಯವಾಗಿ ಅದು ಟ್ರಿಬೂಕ್ಸಿಯಾ ಎಂಬ ಹಸಿರು ಪಾಚಿ. ಹಾಗಾಗಿ ಕುಟುಂಬ, ವಂಶಾವಳಿ ಅಂದಾಗಲೆಲ್ಲ ನಾವು ಮಾತಾಡುವುದು ಶಿಲೀಂಧ್ರದ ವಂಶದ ಬಗ್ಗೆ. ಇದನ್ನು ಮರೆತರೆ ಮುಂದೆ ಡಿಎನ್‌ಎ ಹಂತದಲ್ಲಿ ತಲೆ ಕೆಡುತ್ತದೆ.

ಹೆಸರಿನ ಕ್ರಮ ಗೊತ್ತಿಲ್ಲದವರಿಗೆ ಒಂದು ಮಾತು. ಕೊಡಗಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಸ್ವಂತ ಹೆಸರು ಆಮೇಲೆ. ಕೊಡಂದೇರ ಕಾರ್ಯಪ್ಪ ಅನ್ನುತ್ತೇವಲ್ಲ, ಹಾಗೆ. ಇಲ್ಲೂ ಅದೇ ಕ್ರಮ. ಪಾರ್ಮೊಟ್ರೀಮಾ ಪರ್ಲೇಟಮ್ ಅಂದರೆ ಪಾರ್ಮೊಟ್ರೀಮಾ ಕುಲದ ಪರ್ಲೇಟಮ್. ಒಂದು ವ್ಯತ್ಯಾಸ ಇದೆ. ಇಲ್ಲಿ ಮನೆತನ ಬದಲಾದರೆ ಹೆಸರೂ ಬದಲಾಗುತ್ತದೆ. ನಾವು ನೋಡಹೊರಟಿರುವ ಗೋಳೆಲ್ಲ ಅದರದ್ದೇ.

ಪ್ಯಾಕೆಟ್ ಸುರಿದು ಗುಡ್ಡೆ ಮಾಡಿ

ಒಣಗಿದ ಕಲ್ಲುಹೂವು ಮುಟ್ಟಿದರೆ ಪುಡಿಯಾಗುತ್ತದೆ. ಅದಕ್ಕೇ ಮೊದಲು ನೀರು ಚಿಮುಕಿಸಿ ಐದು ನಿಮಿಷ ಬಿಡಿ. ಮೆತ್ತಗಾಗಿ, ಬೂದು ಬಣ್ಣದ ಅಡಿಯಿಂದ ಪಾಚಿಯ ತಿಳಿ ಹಸಿರು ಕಾಣಲು ಶುರುವಾಗುತ್ತದೆ. ನನಗೆ ಪ್ರತಿ ಸಲವೂ ಖುಷಿ ಕೊಡುವ ಕ್ಷಣ ಇದು.

ಈಗ ಒಂದೊಂದೇ ಚೂರನ್ನು ತಿರುಗಿಸಿ ನೋಡಿ. ದಳ ಅಗಲವೋ, ಪಟ್ಟಿಯಂತೆ ಸಪೂರವೋ? ಕೆಳಗಡೆ ಕಪ್ಪೋ, ಬಿಳಿಯೋ? ಕೆಳಗೆ ಬೇರಿನಂಥ ಎಳೆಗಳಿವೆಯೇ? ಅಂಚಿನಲ್ಲಿ ಕಣ್ಣಿನ ರೆಪ್ಪೆಯಂಥ ಕರಿ ಕೂದಲಿದೆಯೇ? ಮೇಲೆ ಹಿಟ್ಟು ಉದುರಿಸಿದಂತಿದೆಯೇ, ಅಥವಾ ಸಣ್ಣ ಸಣ್ಣ ಮೊಳೆಗಳು ಎದ್ದಿವೆಯೇ? ಆ ಹಿಟ್ಟಿನ ಕಣ, ಆ ಮೊಳೆ ಎರಡೂ ಶಿಲೀಂಧ್ರ ಮತ್ತು ಪಾಚಿಯನ್ನು ಒಟ್ಟಿಗೆ ಹೊತ್ತ ಸಣ್ಣ ಪೊಟ್ಟಣಗಳು. ಗಾಳಿಗೋ ಮಳೆಗೋ ಉದುರಿ ಬೇರೆಡೆ ಹೊಸ ಲೈಕೆನ್ ಆಗುತ್ತವೆ.

ನಿಮ್ಮ ಪ್ಯಾಕೆಟ್ಟಿನಲ್ಲಿ ಏನೇನು ಸಿಗಬಹುದು ಅಂತ ಹೇಳುತ್ತೇನೆ.

ಅಗಲ ದಳ, ದುಂಡಗಿನ ತುದಿ, ಮೇಲೆ ಬೂದು, ಕೆಳಗೆ ಕಪ್ಪು, ಅಂಚಿನ ಹತ್ತಿರ ಮಾತ್ರ ಎಳೆಗಳೇ ಇಲ್ಲದ ಕಂದು ಪಟ್ಟಿ. ಇದು ಪಾರ್ಮೊಟ್ರೀಮಾ. ಆ ಬೋಳು ಅಂಚೇ ಅದರ ಒಳ್ಳೆಯ ಗುರುತು. ದಳದ ಅಂಚಿನಲ್ಲಿ ಹಿಟ್ಟು ಇದ್ದು, ಅಲ್ಲಲ್ಲಿ ರೆಪ್ಪೆಗೂದಲೂ ಇದ್ದರೆ ಪರ್ಲೇಟಮ್ ಇರಬಹುದು. ಕೂದಲಿಲ್ಲದೆ, ಮೇಲೆಲ್ಲ ಮೊಳೆ ಎದ್ದಿದ್ದರೆ ಟಿಂಕ್ಟೋರಮ್ ಇರಬಹುದು.

ಸಪೂರ ಪಟ್ಟಿ, ಕವಲು ಕವಲಾಗಿ, ಅಂಚುಗಳು ಕೆಳಗೆ ಮಡಚಿ ಕಾಲುವೆಯಂತಾಗಿ, ಉದ್ದಕ್ಕೂ ಕರಿ ಕೂದಲು. ಇದು ಹೈಪೊಟ್ರಾಕಿನಾ ಸಿರೇಟಾ. ಹಿಮಾಲಯದ ಕಡೆಯಿಂದ ಬರುವ ಮಾಲಿನಲ್ಲಿ ಇದು ಜಾಸ್ತಿ. ಹಳೆಯ ಪುಸ್ತಕಗಳಲ್ಲಿ ಇದನ್ನು ಎವರ್ನಿಯಾಸ್ಟ್ರಮ್ ಅಂತ ಹುಡುಕಬೇಕು.

ಎರಡೂ ಕಡೆ ಒಂದೇ ಬಣ್ಣದ ಚಪ್ಪಟೆ ಪಟ್ಟಿ ಸಿಕ್ಕರೆ ಅದು ರಾಮಲಿನಾ ಇರಬಹುದು. ಅದು ಈ ಕುಟುಂಬದ್ದೇ ಅಲ್ಲ. ಹೆಟರೊಡರ್ಮಿಯಾ ಎಂಬ ಇನ್ನೊಂದೂ ನುಸುಳುತ್ತದೆ, ಅದೂ ಹೊರಗಿನವರು. ಹೊರಗಿನವರು ಅಂತ ಖಚಿತಪಡಿಸಿಕೊಳ್ಳುವುದು ಸೂಕ್ಷ್ಮದರ್ಶಕ ಇದ್ದವರಿಗೆ ಸುಲಭ. ಪಾರ್ಮೀಲಿಯೇಸಿಯ ಬೀಜಕಣಗಳು ಸಾಮಾನ್ಯವಾಗಿ ಬಣ್ಣವಿಲ್ಲದ, ಒಂದೇ ಕೋಣೆಯ, ಒಂದು ಚೀಲಕ್ಕೆ ಎಂಟರಂತೆ ಇರುವಂಥವು. ಹೆಟರೊಡರ್ಮಿಯಾದವು ಕಂದು, ಎರಡು ಕೋಣೆ. ಆದರೆ ಮಸಾಲೆ ಪ್ಯಾಕೆಟ್ಟಿನ ಚೂರುಗಳಲ್ಲಿ ಬೀಜಕಣ ಹೊತ್ತ ಬಟ್ಟಲು ಸಿಗುವುದೇ ಅಪರೂಪ, ಬಿಡಿ.

ಗುಡ್ಡೆಗಳನ್ನು ಬೇರೆ ಬೇರೆ ಕಾಗದದ ಲಕೋಟೆಗೆ ಹಾಕಿ. ಪ್ಲಾಸ್ಟಿಕ್ ಕವರ್ ಬೇಡವೇ ಬೇಡ. ನಾನು ಮೊದಲ ಸಲ ಒದ್ದೆ ಚೂರುಗಳನ್ನು ಜಿಪ್ ಕವರಿನಲ್ಲಿ ಹಾಕಿಟ್ಟು, ಹತ್ತು ದಿನ ಬಿಟ್ಟು ತೆಗೆದರೆ ಲೈಕೆನ್ ಮೇಲೆ ಬೂಷ್ಟು ಬೆಳೆದಿತ್ತು. ಶಿಲೀಂಧ್ರವನ್ನು ಇನ್ನೊಂದು ಶಿಲೀಂಧ್ರ ತಿಂದಿತ್ತು.

ಎರಡು ಹನಿ ರಾಸಾಯನಿಕ

ಲೈಕೆನ್‌ಗಳು ತಮ್ಮದೇ ಆದ ನೂರಾರು ಆಮ್ಲಗಳನ್ನು ತಯಾರಿಸುತ್ತವೆ. ಕಣ್ಣಿಗೆ ಕಾಣದಿದ್ದರೂ ಸರಿಯಾದ ಹನಿ ಬಿದ್ದರೆ ಬಣ್ಣ ತೋರಿಸುತ್ತವೆ. 1866ರಲ್ಲಿ ಫಿನ್ಲೆಂಡಿನ ಲೈಕೆನ್ ತಜ್ಞ ವಿಲಿಯಂ ನೈಲಾಂಡರ್ ಈ ಉಪಾಯವನ್ನು ಬಳಕೆಗೆ ತಂದರು. ಇವತ್ತಿಗೂ ಲೈಕೆನ್ ಗುರುತಿಸುವವರ ಜೇಬಿನಲ್ಲಿ ಆ ಎರಡು ಸೀಸೆ ಇರುತ್ತವೆ.

ಒಂದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಸುಮಾರು 10% ದ್ರಾವಣ. ಪುಸ್ತಕಗಳಲ್ಲಿ ಇದಕ್ಕೆ ಕೆ ಎಂದು ಗುರುತು. ಇನ್ನೊಂದು ಬಟ್ಟೆಗೆ ಹಾಕುವ ಮಾಮೂಲಿ ಬ್ಲೀಚ್, ಅದಕ್ಕೆ ಸಿ. ಮೂರನೆಯದೊಂದಿದೆ, ಪ್ಯಾರಾಫಿನೈಲೀನ್‌ಡಯಮೀನ್. ಅದು ವಿಷ, ಮನೆಗೆ ತರಬೇಡಿ. ಕೆ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಅನಾಹುತ. ಕನ್ನಡಕ, ಕೈಗವಸು ಹಾಕಿಕೊಳ್ಳಿ. ಮಕ್ಕಳು ಮಾಡುವುದಾದರೆ ಶಾಲೆಯ ಪ್ರಯೋಗಾಲಯದಲ್ಲಿ, ಮೇಷ್ಟ್ರ ಎದುರಿಗೇ ಮಾಡಲಿ. ಹನಿ ಬಿದ್ದ ಚೂರು ಮತ್ತೆ ಮಸಾಲೆ ಡಬ್ಬಿಗೆ ಹೋಗಬಾರದು.

ಬ್ಲೇಡಿನಿಂದ ಮೇಲಿನ ಬೂದು ಪದರವನ್ನು ಕೂದಲೆಳೆಯಷ್ಟು ಕೆರೆಯಿರಿ. ಒಳಗೆ ಬಿಳಿ ಹತ್ತಿಯಂಥ ತಿರುಳು ಕಾಣುತ್ತದೆ. ಹನಿ ಬೀಳಬೇಕಾದ್ದು ಅಲ್ಲಿ. ಹಲ್ಲುಕಡ್ಡಿಯ ತುದಿಯಲ್ಲಿ ಅದ್ದಿ ಮುಟ್ಟಿಸಿದರೆ ಸಾಕು.

ಪರ್ಲೇಟಮ್ ಆದರೆ ಕೆ ಹಾಕಿದಾಗ ತಿರುಳು ಹಳದಿಯಾಗಿ ನಿಧಾನಕ್ಕೆ ಕಿತ್ತಳೆಗೆ ತಿರುಗುತ್ತದೆ. ಅದು ಸ್ಟಿಕ್ಟಿಕ್ ಆಮ್ಲ. ಸಿರೇಟಾ ಮೊದಲು ಹಳದಿ, ಆಮೇಲೆ ರಕ್ತಗೆಂಪು. ಅದು ಸಲಾಜಿನಿಕ್ ಆಮ್ಲ. ಟಿಂಕ್ಟೋರಮ್ ತಿರುಳಿಗೆ ಕೆ ಹಾಕಿದರೆ ಏನೂ ಆಗುವುದಿಲ್ಲ, ಸಿ ಹಾಕಿದರೆ ಕುಂಕುಮ ಚೆಲ್ಲಿದ ಹಾಗೆ ಕೆಂಪು. ಅದು ಲೆಕನೊರಿಕ್ ಆಮ್ಲ. ಈ ಆಮ್ಲಗಳು ಬೇಗ ಕೆಡುವುದಿಲ್ಲ. ನೂರು ವರ್ಷ ಹಳೆಯ ಒಣ ಮಾದರಿಯಲ್ಲೂ ಪರೀಕ್ಷೆ ಕೆಲಸ ಮಾಡುತ್ತದೆ, ಹಾಗಾಗಿ ಕಳೆದ ವರ್ಷದ ಪ್ಯಾಕೆಟ್ ಆದರೂ ಚಿಂತೆಯಿಲ್ಲ.

ಇಲ್ಲಿಗೆ ಗುರುತಿಸುವ ಕೆಲಸ ಅರ್ಧ ಮುಗಿಯಿತು. ಆದರೆ ಗುರುತಿಸುವುದು ಬೇರೆ, ನೆಂಟಸ್ತನ ಹೇಳುವುದು ಬೇರೆ.

ಒಂದು ಹೆಸರಿನ ಜಾತಕ ಬರೆಯಿರಿ

ಒಂದು ಹಾಳೆ ತಗೊಂಡು ನಿಮ್ಮ ಒಂದು ಚೂರಿನ ಹೆಸರುಗಳನ್ನೆಲ್ಲ ಕಾಲಕ್ರಮದಲ್ಲಿ ಬರೆಯಿರಿ. ಈ ಅಭ್ಯಾಸದಿಂದ ವರ್ಗೀಕರಣ ಯಾಕೆ ಬದಲಾಗುತ್ತದೆ ಅಂತ ಗೊತ್ತಾಗುವಷ್ಟು ಬೇರೆ ಯಾವುದರಿಂದಲೂ ಗೊತ್ತಾಗುವುದಿಲ್ಲ.

ನಮ್ಮ ಪರ್ಲೇಟಮ್ ತಗೊಳ್ಳಿ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ತಮಗೆ ಗೊತ್ತಿದ್ದ ಲೈಕೆನ್‌ಗಳನ್ನೆಲ್ಲ ಒಂದೇ ಕುಲಕ್ಕೆ ತುರುಕಿದ್ದರು. ಕುಲದ ಹೆಸರೇ ಲೈಕೆನ್. ಅವರಿಗೆ ಇವುಗಳ ಮೇಲೆ ಅಂಥ ಗೌರವವೇನೂ ಇರಲಿಲ್ಲ. ಹಾಗಾಗಿ 1762ರಲ್ಲಿ ಇಂಗ್ಲೆಂಡಿನ ವಿಲಿಯಂ ಹಡ್ಸನ್ ಇದನ್ನು ಲೈಕೆನ್ ಪರ್ಲೇಟಸ್ ಅಂದರು. 1803ರಲ್ಲಿ ಲಿನೇಯಸ್‌ರ ಕೊನೆಯ ಶಿಷ್ಯರಲ್ಲೊಬ್ಬರಾದ ಸ್ವೀಡನ್ನಿನ ಎರಿಕ್ ಅಕೇರಿಯಸ್ ಆ ದೊಡ್ಡ ಕುಲವನ್ನು ಒಡೆದು, ಪಾರ್ಮೀಲಿಯಾ ಎಂಬ ಹೊಸ ಕುಲ ಮಾಡಿದರು. ಇದು ಪಾರ್ಮೀಲಿಯಾ ಪರ್ಲೇಟಾ ಆಯಿತು. ನಮ್ಮಲ್ಲಿ ಆಯುರ್ವೇದದವರು ಶೈಲೇಯ ಅನ್ನುವ ಕಲ್ಲುಹೂವಿನ ಔಷಧಿ ಸೀಸೆಗಳ ಮೇಲೆ ಇವತ್ತಿಗೂ ಈ 1803ರ ಹೆಸರೇ ಕಾಣುತ್ತದೆ.

ಮುಂದಿನ ಒಂದೂವರೆ ಶತಮಾನ ಎಲೆಯಂತಿರುವ ಬೂದು ಲೈಕೆನ್ ಕಂಡರೆ ಪಾರ್ಮೀಲಿಯಾ ಅನ್ನುವುದು ರೂಢಿಯಾಯಿತು. ಕುಲ ಉಬ್ಬಿ ಉಬ್ಬಿ ನೂರಾರು ಪ್ರಭೇದಗಳ ಸಂತೆಯಾಯಿತು. ಅದನ್ನು ಒಡೆದವರು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಮೇಸನ್ ಹೇಲ್. ಅವರು 1970ರ ದಶಕದಲ್ಲಿ ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮೇಲ್ಪದರದ ಸಣ್ಣ ರಂಧ್ರಗಳನ್ನು ನೋಡಿದರು. ಎಳೆಗಳು ಹೇಗೆ ಕವಲೊಡೆಯುತ್ತವೆ, ಕೂದಲ ಬುಡ ಉಬ್ಬಿದೆಯೋ ಇಲ್ಲವೋ, ಯಾವ ಆಮ್ಲವಿದೆ, ಎಲ್ಲ ಲೆಕ್ಕ ಹಾಕಿದರು. 1974ರಲ್ಲಿ ಹೈಪೊಟ್ರಾಕಿನಾ, ಝಾಂಥೊಪಾರ್ಮೀಲಿಯಾ ಮುಂತಾದವನ್ನು ಕುಲದ ಸ್ಥಾನಕ್ಕೆ ಏರಿಸಿದರು. ಪಾರ್ಮೊಟ್ರೀಮಾ ಎಂಬ 1860ರ ಮರೆತುಹೋದ ಹೆಸರನ್ನು ಎತ್ತಿ ನಿಲ್ಲಿಸಿದರು. ಹಳೆಯ ಸಂತೆಯಲ್ಲಿ ಈಗ ಪಾರ್ಮೀಲಿಯಾ ಅಂತ ಉಳಿದಿರುವುದು ಸುಮಾರು 40 ಪ್ರಭೇದ ಮಾತ್ರ.

ಎಲ್ಲರೂ ಒಪ್ಪಲಿಲ್ಲ. ಕುಲಗಳನ್ನು ಹೀಗೆ ಚೂರು ಮಾಡಿದರೆ ನೆನಪಿಟ್ಟುಕೊಳ್ಳುವುದು ಹೇಗೆ ಅನ್ನುವುದು ಕೆಲವರ ತಕರಾರು. ಒಂದು ಕಡೆ ಒಡೆಯುವವರು, ಇನ್ನೊಂದು ಕಡೆ ಕೂಡಿಸುವವರು. ಡಿಎನ್‌ಎ ಬರುವವರೆಗೂ ಇದು ಹೆಚ್ಚುಕಮ್ಮಿ ಅಭಿಪ್ರಾಯದ ಜಗಳ.

ಯಾವ ಲಕ್ಷಣವನ್ನು ನಂಬಬೇಕು?

ಈ ಹಂತದಲ್ಲಿ ಸ್ವಲ್ಪ ನಿಧಾನ ಮಾಡಿ. ಇಡೀ ಮಾರ್ಗದರ್ಶಿಯಲ್ಲಿ ನನಗೆ ಮುಖ್ಯ ಅನ್ನಿಸುವುದು ಇದೇ.

ಊರಲ್ಲಿ ಇಬ್ಬರಿಗೆ ಮೂಗು ಒಂದೇ ಥರ ಇದ್ದರೆ ಅಣ್ಣ ತಮ್ಮ ಇರಬೇಕು ಅಂದುಕೊಳ್ಳುತ್ತೇವೆ. ಒಂದೇ ಬಣ್ಣದ ಅಂಗಿ ಹಾಕಿದ್ದರೆ ಹಾಗೆ ಅಂದುಕೊಳ್ಳುವುದಿಲ್ಲ. ಲೈಕೆನ್‌ನಲ್ಲಿ ಯಾವುದು ಮೂಗು, ಯಾವುದು ಅಂಗಿ ಅನ್ನುವುದೇ ಪ್ರಶ್ನೆ. ಡಿಎನ್‌ಎ ಬಂದ ಮೇಲೆ ನಾವು ಮೂಗು ಅಂದುಕೊಂಡಿದ್ದ ಎಷ್ಟೋ ಲಕ್ಷಣಗಳು ಅಂಗಿ ಅಂತ ಗೊತ್ತಾಯಿತು.

ಬಣ್ಣದಿಂದಲೇ ಶುರು ಮಾಡೋಣ. ಝಾಂಥೊಪಾರ್ಮೀಲಿಯಾ ಹಳದಿ ಮಿಶ್ರಿತ ಹಸಿರು, ಮೇಲ್ಪದರದಲ್ಲಿರುವ ಉಸ್ನಿಕ್ ಆಮ್ಲದಿಂದ. ನಿಯೊಫಸೀಲಿಯಾ ಅಂತ ಇನ್ನೊಂದು ಕುಲವಿತ್ತು, ಅದು ಕಂದು. ನೋಡಿದರೆ ಯಾರೂ ನೆಂಟರು ಅನ್ನುವುದಿಲ್ಲ. 2004ರಲ್ಲಿ ಡಿಎನ್‌ಎ ನೋಡಿದಾಗ ಕಂದು ಬಣ್ಣದವು ಹಳದಿಯವುಗಳ ಒಳಗೇ ಚದುರಿಹೋಗಿದ್ದವು. ಎರಡೂ ಒಂದಾದವು. ಈಗ ಝಾಂಥೊಪಾರ್ಮೀಲಿಯಾ 800ಕ್ಕಿಂತ ಹೆಚ್ಚು ಪ್ರಭೇದಗಳ, ಈ ಕುಟುಂಬದ ಅತಿ ದೊಡ್ಡ ಕುಲ.

ಆಕಾರವೂ ಕೈಕೊಡುತ್ತದೆ. ನಿಮ್ಮ ಎರಡನೇ ಗುಡ್ಡೆಯ ಸಿರೇಟಾವನ್ನೇ ನೋಡಿ. ಜೋತುಬೀಳುವ ಸಪೂರ ಪಟ್ಟಿ ಅನ್ನುವ ಕಾರಣಕ್ಕೆ ಎವರ್ನಿಯಾಸ್ಟ್ರಮ್ ಎಂಬ ಪ್ರತ್ಯೇಕ ಕುಲ ಕಟ್ಟಿದ್ದರು. 2013ರಲ್ಲಿ ಅದು ಹೈಪೊಟ್ರಾಕಿನಾ ಒಳಗಿನ ಒಂದು ಕವಲು ಅಂತ ಸಾಬೀತಾಗಿ ಆ ಕುಲ ಹೋಯಿತು. ಇನ್ನೂ ದೊಡ್ಡ ಮಟ್ಟದಲ್ಲಿ ನೋಡಿದರೆ, ಗಡ್ಡದಂತೆ ಮರದಿಂದ ತೂಗುವ ಉಸ್ನಿಯಾಗೆ ಒಂದು ಕಾಲದಲ್ಲಿ ಬೇರೆ ಕುಟುಂಬವೇ ಇತ್ತು. ಕೊಡಗು, ಚಿಕ್ಕಮಗಳೂರಿನ ಎತ್ತರದ ಕಾಡುಗಳಲ್ಲಿ ಅದನ್ನು ನೋಡಿರುತ್ತೀರಿ. ಎಳೆಯನ್ನು ಮೆಲ್ಲಗೆ ಎಳೆದರೆ ಒಳಗೆ ರಬ್ಬರಿನಂಥ ಬಿಳಿ ದಾರ ಸಿಗುತ್ತದೆ. ಕಲ್ಲುಹೂವಿಗೂ ಅದಕ್ಕೂ ಏನು ಸಂಬಂಧ ಅನ್ನಿಸುತ್ತದೆ ಅಲ್ವಾ? ಈಗ ಅದೂ ಪಾರ್ಮೀಲಿಯೇಸಿ. ಆದರೂ ಹೀಗೆ ಜೋಡಿಸುವುದಕ್ಕೆ ಡಿಎನ್‌ಎಗೆ ಮೊದಲೇ ಸುಳಿವಿತ್ತು. ಬೀಜಕಣದ ಬಟ್ಟಲನ್ನು ಸೀಳಿ ನೋಡಿದರೆ ಒಳಗೆ ಲೋಟದ ಆಕಾರದ ಪಾರದರ್ಶಕ ಪದರವೊಂದು ಕಾಣುತ್ತದೆ. ಹೊರಗಿನ ಆಕಾರಕ್ಕಿಂತ ಬಟ್ಟಲೊಳಗಿನ ಆ ಕಟ್ಟಡ ಹೆಚ್ಚು ನಂಬಿಕಸ್ಥ.

ರಾಸಾಯನಿಕದ ಕಥೆ ಇನ್ನೂ ಸ್ವಾರಸ್ಯ. ಉತ್ತರ ಅಮೆರಿಕದ ಪಶ್ಚಿಮದ ಕಾಡುಗಳಲ್ಲಿ ಬ್ರಯೋರಿಯಾ ಎಂಬ ಕೂದಲಿನಂಥ ಲೈಕೆನ್ ಇದೆ, ಇದೇ ಕುಟುಂಬದ್ದು. ಅದರಲ್ಲಿ ಫ್ರೆಮೊಂಟೈ ಎಂಬ ಪ್ರಭೇದ ಕಂದು, ಅಲ್ಲಿನ ಮೂಲನಿವಾಸಿಗಳು ಬೇಯಿಸಿ ತಿನ್ನುತ್ತಿದ್ದರು. ಟಾರ್ಚುಯೋಸಾ ಹಳದಿ, ವಲ್ಪಿನಿಕ್ ಆಮ್ಲ ತುಂಬಿದ ವಿಷ. ಶಿಲೀಂಧ್ರದ ಡಿಎನ್‌ಎ ನೋಡಿದರೆ ವ್ಯತ್ಯಾಸವಿಲ್ಲ, ಪಾಚಿಯಲ್ಲೂ ಇಲ್ಲ. ಹಾಗಾದರೆ ವಿಷ ಎಲ್ಲಿಂದ? 2016ರಲ್ಲಿ ಟೋಬಿ ಸ್ಪ್ರಿಬಿಲ್ ಮತ್ತು ಸಂಗಡಿಗರು ಮೇಲ್ಪದರದಲ್ಲಿ ಅಡಗಿದ್ದ ಮೂರನೆಯವರೊಬ್ಬರನ್ನು ಕಂಡುಹಿಡಿದರು, ಬೇರೆಯದೇ ವಂಶದ ಒಂದು ಯೀಸ್ಟ್. ಹಳದಿ ಲೈಕೆನ್‌ನಲ್ಲಿ ಆ ಯೀಸ್ಟ್ ಹೆಚ್ಚು. ಅದೇ ಕಾರಣವೋ ಅನ್ನುವುದು ಇನ್ನೊಂದು ಚರ್ಚೆ. ನಮಗೆ ಬೇಕಾದ ಪಾಠ ಇಷ್ಟು: ಹನಿ ಪರೀಕ್ಷೆಯ ಬಣ್ಣ ಒಂದನ್ನೇ ನಂಬಿ ಕುಲ, ಪ್ರಭೇದ ಒಡೆಯಲು ಹೋಗಬೇಡಿ.

ಇದಕ್ಕೆ ಉಲ್ಟಾ ಕಥೆಯೂ ಇದೆ. ಯುರೋಪಿನಲ್ಲಿ ಪಾರ್ಮೀಲಿಯಾ ಸಲ್ಕೇಟಾ ಅಂದುಕೊಂಡಿದ್ದವುಗಳಲ್ಲಿ ಕೆಲವು ಡಿಎನ್‌ಎಯಲ್ಲಿ ಪೂರ್ತಿ ಬೇರೆ ಬಂದವು. ಕಣ್ಣಿಗೆ, ಹನಿಗೆ ಎರಡಕ್ಕೂ ಒಂದೇ. 2011ರಲ್ಲಿ ಅದಕ್ಕಿಟ್ಟ ಹೆಸರು ಎನ್‌ಕ್ರಿಪ್ಟಾಟಾ, ಅಂದರೆ ಗೂಢಲಿಪಿಯಲ್ಲಿ ಬಚ್ಚಿಟ್ಟದ್ದು. ವಿಜ್ಞಾನಿಗಳಿಗೂ ತಮಾಷೆ ಗೊತ್ತು.

ಹಾಗಂತ ಕಣ್ಣಿನ ಕೆಲಸ ವ್ಯರ್ಥವಲ್ಲ. ಪಾರ್ಮೊಟ್ರೀಮಾದ ಬೋಳು ಅಂಚು ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಹೇಲ್ ಒಡೆದ ಕುಲಗಳಲ್ಲಿ ದೊಡ್ಡವು ಬಹಳಷ್ಟು ಡಿಎನ್‌ಎ ಪರೀಕ್ಷೆಯಲ್ಲೂ ನಿಂತವು. ಬಿದ್ದದ್ದು ಸಣ್ಣ ಸಣ್ಣ ಕುಲಗಳು. ಮೇಲೆ ಬಲೆಯಂತೆ ಬಿರುಕು ಬಿಟ್ಟ ರೆಟಿಕ್ಯುಲೇಟಮ್ ಗುಂಪಿಗೆ 1990ರಲ್ಲಿ ರಿಮೇಲಿಯಾ ಎಂಬ ಕುಲ ಮಾಡಿದ್ದರು. 2005ರಲ್ಲಿ ಅದು ಪಾರ್ಮೊಟ್ರೀಮಾಗೇ ವಾಪಸ್ ಬಂತು. ಹದಿನೈದೇ ವರ್ಷದ ಸಂಸಾರ.

ಈಗ ನೀವೇ ಒಂದು ವಂಶವೃಕ್ಷ ಕಟ್ಟಿ

ಡಿಎನ್‌ಎ ತೆಗೆಯಲು ನಮಗೆ ಆಗುವುದಿಲ್ಲ, ಸರಿ. ಆದರೆ ಬೇರೆಯವರು ತೆಗೆದಿಟ್ಟದ್ದು ಜೆನ್‌ಬ್ಯಾಂಕ್ ಎಂಬ ಜಾಲತಾಣದಲ್ಲಿ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಶಿಲೀಂಧ್ರಗಳಿಗೆ ಐಟಿಎಸ್ ಎಂಬ ಒಂದು ತುಂಡು ಡಿಎನ್‌ಎ ಬಾರ್‌ಕೋಡ್ ಇದ್ದ ಹಾಗೆ. ಉದ್ದ ಬಹಳವಿಲ್ಲ, ಐನೂರು ಆರುನೂರು ಅಕ್ಷರ. ಹುಡುಕುವ ಜಾಗದಲ್ಲಿ ಪ್ರಭೇದದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಪಕ್ಕದಲ್ಲಿ ಐಟಿಎಸ್ ಅಂತ ಸೇರಿಸಿ.

ಮೊದಲ ಪ್ರಯತ್ನಕ್ಕೆ ಇವು ಸಾಕು: ಪಾರ್ಮೊಟ್ರೀಮಾದಿಂದ ಪರ್ಲೇಟಮ್, ಟಿಂಕ್ಟೋರಮ್, ರೆಟಿಕ್ಯುಲೇಟಮ್. ಹೈಪೊಟ್ರಾಕಿನಾ ಸಿರೇಟಾ ಮತ್ತು ಅದೇ ಕುಲದ ಇನ್ನೊಂದು. ಫ್ಲೇವೊಪಾರ್ಮೀಲಿಯಾ ಕೆಪರೇಟಾ. ಪಂಕ್ಟೀಲಿಯಾ ಮತ್ತು ಝಾಂಥೊಪಾರ್ಮೀಲಿಯಾದಿಂದ ಒಂದೊಂದು. ಪಾರ್ಮೀಲಿಯಾ ಸ್ಯಾಕ್ಸಾಟಿಲಿಸ್. ಕೊನೆಗೆ ಎರಡು ಉಸ್ನಿಯಾ. ಎಲೆಯಂತಿರುವ ಗುಂಪಿನಿಂದ ಉಸ್ನಿಯಾ ಹೊರಗಿರುವುದರಿಂದ ಅದನ್ನು ಬುಡ ತೋರಿಸುವ ಹೊರಗಿನವರಾಗಿ ಬಳಸಬಹುದು. ಪ್ರತಿಯೊಂದಕ್ಕೂ ಎರಡೆರಡು ನಮೂನೆ ಇಳಿಸಿಕೊಳ್ಳಿ. ಜೆನ್‌ಬ್ಯಾಂಕಿನಲ್ಲಿ ತಪ್ಪು ಹೆಸರು ಹಚ್ಚಿದ ನಮೂನೆಗಳಿರುತ್ತವೆ. ಎರಡು ಇದ್ದರೆ ಕಳ್ಳ ಸಿಕ್ಕಿಬೀಳುತ್ತಾನೆ.

ಎಲ್ಲವನ್ನೂ ಫಾಸ್ಟಾ ಎಂಬ ಸರಳ ಪಠ್ಯ ರೂಪದಲ್ಲಿ ಒಂದೇ ಕಡತಕ್ಕೆ ಹಾಕಿ, ಮೆಗಾ ಎಂಬ ಉಚಿತ ತಂತ್ರಾಂಶದಲ್ಲಿ ತೆರೆಯಿರಿ. ಮೊದಲು ಸಾಲು ಜೋಡಿಸಬೇಕು, ಅಂದರೆ ಒಂದೇ ಜಾಗದ ಅಕ್ಷರಗಳು ಒಂದರ ಕೆಳಗೊಂದು ಬರಬೇಕು. ಅದಕ್ಕೆ ಮೆಗಾದೊಳಗೇ ಮಸಲ್ ಎಂಬ ಆಯ್ಕೆ ಇದೆ. ಜೋಡಣೆಯನ್ನು ಕಣ್ಣಲ್ಲಿ ಒಮ್ಮೆ ನೋಡದೆ ಮುಂದೆ ಹೋಗಬೇಡಿ. ಒಂದು ಸಾಲು ಪೂರ್ತಿ ಅಡ್ಡಾದಿಡ್ಡಿ ಇದ್ದರೆ ಅದು ಉಲ್ಟಾ ದಿಕ್ಕಿನದೋ, ಪಾಚಿಯ ಡಿಎನ್‌ಎಯೋ ಇರಬಹುದು. ಆಮೇಲೆ ಮ್ಯಾಕ್ಸಿಮಮ್ ಲೈಕ್ಲಿಹುಡ್ (ಈ ಸಾಲುಗಳಿಗೆ ಅತಿ ಚೆನ್ನಾಗಿ ಹೊಂದುವ ಮರವನ್ನು ಹುಡುಕುವ) ವಿಧಾನ ಆರಿಸಿ, ಬೂಟ್‌ಸ್ಟ್ರಾಪ್ 500 ಇಟ್ಟು, ಕಾಫಿ ಕುಡಿದು ಬನ್ನಿ.

ಮರವನ್ನು ಓದುವಾಗ

ಎಲ್ಲರೂ ಮಾಡುವ ತಪ್ಪೆಂದರೆ ಮೇಲಿನಿಂದ ಕೆಳಕ್ಕೆ ಓದುವುದು. ಪಕ್ಕಪಕ್ಕದ ಸಾಲಿನಲ್ಲಿದ್ದ ಮಾತ್ರಕ್ಕೆ ಹತ್ತಿರದವರಲ್ಲ. ತೊಟ್ಟಿಲ ಮೇಲೆ ತೂಗುವ ಗಿಳಿಗಳಿರುತ್ತವಲ್ಲ, ಗಾಳಿಗೆ ಕಡ್ಡಿ ತಿರುಗಿದರೆ ಗಿಳಿಯ ಜಾಗ ಬದಲಾಗುತ್ತದೆ, ಯಾವ ದಾರಕ್ಕೆ ಕಟ್ಟಿದ್ದು ಅನ್ನುವುದು ಬದಲಾಗುವುದಿಲ್ಲ. ದಾರ ಹಿಡಿದು ಹಿಂದಕ್ಕೆ ಹೋಗಿ, ಇಬ್ಬರು ಎಲ್ಲಿ ಸೇರುತ್ತಾರೆ ನೋಡಿ.

ಕವಲಿನ ಬಳಿಯ ಅಂಕಿ ಬೂಟ್‌ಸ್ಟ್ರಾಪ್, ಅಂದರೆ ಅಕ್ಷರಗಳನ್ನು ಮತ್ತೆ ಮತ್ತೆ ಆಯ್ದು ಮರ ಕಟ್ಟಿದಾಗ ನೂರಕ್ಕೆ ಎಷ್ಟು ಸಲ ಆ ಕವಲು ಬಂತು ಅನ್ನುವ ಲೆಕ್ಕ. 70ಕ್ಕಿಂತ ಕಡಿಮೆಯಿದ್ದರೆ ಆ ಕವಲಿನ ಮೇಲೆ ವಾದ ಕಟ್ಟಬೇಡಿ.

ಒಂದು ಕುಲ ಸರಿಯಿದೆಯೇ ಅಂತ ನೋಡಲು ಮನಸ್ಸಿನಲ್ಲೇ ಕತ್ತರಿ ಹಿಡಿಯಿರಿ. ಒಂದೇ ಕಡೆ ಕತ್ತರಿಸಿದಾಗ ಆ ಕುಲದವರೆಲ್ಲ, ಆ ಕುಲದವರು ಮಾತ್ರ ಕೈಗೆ ಬಂದರೆ ಕುಲ ಗಟ್ಟಿ. ಎರಡು ಕಡೆ ಕತ್ತರಿಸಬೇಕಾದರೆ ಅಥವಾ ಹೊರಗಿನವರು ಜೊತೆಗೆ ಬಂದರೆ, ಕುಲವನ್ನು ಒಡೆಯಬೇಕು ಇಲ್ಲವೇ ಹಿಗ್ಗಿಸಬೇಕು. ಎವರ್ನಿಯಾಸ್ಟ್ರಮ್ ಬಿದ್ದದ್ದು ಈ ಪರೀಕ್ಷೆಯಲ್ಲೇ. ಅದನ್ನು ಉಳಿಸಿಕೊಂಡರೆ ಹೈಪೊಟ್ರಾಕಿನಾ ಒಂದೇ ಏಟಿಗೆ ಕೈಗೆ ಬರುತ್ತಿರಲಿಲ್ಲ.

ನಿಮ್ಮ ಮರದಲ್ಲಿ ಕುಲಗಳು ಚೆನ್ನಾಗಿ ಬೇರೆಯಾಗಿ, ಬುಡದ ಕವಲುಗಳು ಮಸುಕಾಗಿ ಬಂದರೆ ಗಾಬರಿ ಬೇಡ. ಐಟಿಎಸ್ ಬೇಗ ಬದಲಾಗುವ ತುಂಡು, ಹಳೆಯ ನೆಂಟಸ್ತನ ಅದರಲ್ಲಿ ಅಳಿಸಿಹೋಗಿರುತ್ತದೆ. ಸಂಶೋಧಕರು ಹಲವು ಜೀನ್‌ಗಳನ್ನು ಒಟ್ಟಿಗೆ ಬಳಸುವುದು ಇದಕ್ಕೇ. ಮ್ಯಾಡ್ರಿಡ್‌ನ ಅನಾ ಕ್ರೆಸ್ಪೊ, ಅಲ್ಲೇ ಕೆಲಸ ಮಾಡುವ ಭಾರತೀಯ ಮೂಲದ ಪ್ರದೀಪ್ ದಿವಾಕರ್, ಶಿಕಾಗೋದ ಥಾರ್ಸ್ಟನ್ ಲುಂಬ್ಶ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ವರ್ಗೀಕರಣ ಅಂಥದ್ದು. ಆ ದೊಡ್ಡ ಮರದಲ್ಲಿ ಪಾರ್ಮೊಟ್ರೀಮಾ, ಫ್ಲೇವೊಪಾರ್ಮೀಲಿಯಾ, ಪಂಕ್ಟೀಲಿಯಾ ಒಂದೇ ದೊಡ್ಡ ಕವಲಿನವು. ಹೈಪೊಟ್ರಾಕಿನಾ ಇನ್ನೊಂದು ಕವಲು. ಅಂದರೆ ಪಾರ್ಮೊಟ್ರೀಮಾಗೆ, ಅದೇ ಪ್ಯಾಕೆಟ್ಟಿನಲ್ಲಿ ಜೊತೆಗಿರುವ ಹೈಪೊಟ್ರಾಕಿನಾಗಿಂತ ಹಳದಿ ಬಣ್ಣದ ಫ್ಲೇವೊಪಾರ್ಮೀಲಿಯಾವೇ ಹತ್ತಿರದ ದಾಯಾದಿ.

ಅದೇ ಕವಲಿನಲ್ಲಿ ನೆಸೊಲೆಕಿಯಾ ಅಂತ ಒಬ್ಬ ಪುಂಡನಿದ್ದಾನೆ. ಪಾಚಿ ಸಾಕುವ ಕೆಲಸ ಬಿಟ್ಟು, ಬೇರೆ ಲೈಕೆನ್‌ಗಳ ಮೇಲೆ ಕೂತು ತಿನ್ನುವ ಶಿಲೀಂಧ್ರ. ಎಲೆಯಿಲ್ಲ, ಎಳೆಯಿಲ್ಲ, ಕೂದಲಿಲ್ಲ. ಹೊರಗಿನ ಲಕ್ಷಣ ನೋಡಿ ಇವನನ್ನು ಪಾರ್ಮೀಲಿಯೇಸಿಗೆ ಸೇರಿಸಲು ಸಾಧ್ಯವೇ ಇರಲಿಲ್ಲ.

ಗಡಿ ಎಲ್ಲಿ ಹಾಕಬೇಕು?

ಮರ ಸಿಕ್ಕಿತು ಅಂದುಕೊಳ್ಳಿ. ಯಾವ ಕವಲಿಗೆ ಕುಲ ಅನ್ನಬೇಕು, ಯಾವುದಕ್ಕೆ ಅನ್ನಬಾರದು ಅಂತ ಮರ ಹೇಳುವುದಿಲ್ಲ. 2017ರಲ್ಲಿ ಕ್ರೆಸ್ಪೊ, ದಿವಾಕರ್, ಲುಂಬ್ಶ್ ಅವರ ತಂಡವೇ ವಯಸ್ಸನ್ನು ಅಳತೆಗೋಲು ಮಾಡೋಣ ಅಂದಿತು. ಸುಮಾರು 3 ಕೋಟಿ ವರ್ಷ ಹಳೆಯ ಕವಲಿಗೆ ಕುಲ, ಸುಮಾರು 10 ಕೋಟಿ ವರ್ಷ ಮೀರಿದ್ದಕ್ಕೆ ಕುಟುಂಬ. ಈ ವಯಸ್ಸು ಲೆಕ್ಕ ಹಾಕಲು ಅಂಬರಿನಲ್ಲಿ, ಅಂದರೆ ಕಲ್ಲಾದ ಮರದಂಟಿನಲ್ಲಿ, ಸಿಕ್ಕಿಕೊಂಡ ಪಳೆಯುಳಿಕೆಗಳು ಬೇಕಾಗುತ್ತವೆ. ಬಾಲ್ಟಿಕ್ ಸಮುದ್ರದ ಅಂಬರಿನಲ್ಲಿ ಇದೇ ಕುಟುಂಬದ ಆಂಜಿಯಾ, ಡೊಮಿನಿಕನ್ ಗಣರಾಜ್ಯದ ಅಂಬರಿನಲ್ಲಿ ಪಾರ್ಮೀಲಿಯಾ ಸಿಕ್ಕಿವೆ. ಬೆರಳೆಣಿಕೆಯ ಪಳೆಯುಳಿಕೆ ಇಟ್ಟುಕೊಂಡು ಇಡೀ ಕುಟುಂಬಕ್ಕೆ ಕಾಲ ಕಟ್ಟುವುದು ಅಂದರೆ ಅಂದಾಜಿನ ಮೇಲೆ ಅಂದಾಜು.

ಈ ಅಳತೆಯಿಂದ ಇದೇ ಕುಟುಂಬದ ಸೆಟ್ರೇರಿಯಾ ಬಳಗದ ಎಷ್ಟೋ ಕುಲಗಳು ಮಾಯವಾದವು. ಅವುಗಳಲ್ಲಿ ಮೇಸನ್ ಹೇಲ್ ಗೌರವಾರ್ಥ ಇಟ್ಟಿದ್ದ ಮೇಸನ್‌ಹೇಲಿಯಾವೂ ಒಂದು. ಕುಲಗಳನ್ನು ಒಡೆಯುವುದರಲ್ಲೇ ಬದುಕು ಕಳೆದವರ ಹೆಸರಿನ ಕುಲವೇ ನೆಫ್ರೊಮಾಪ್ಸಿಸ್ ಎಂಬ ಇನ್ನೊಂದು ಕುಲದೊಳಗೆ ಕರಗಿತು. ಬಹಳ ಜನ ಇದನ್ನು ವಿರೋಧಿಸಿದರು, ನನಗೂ ಇದು ಅಷ್ಟು ಹಿಡಿಸುವುದಿಲ್ಲ. ಒಂದು ಕವಲು ನಿಧಾನಕ್ಕೆ, ಇನ್ನೊಂದು ಬೇಗ ಬದಲಾಗುವಾಗ ವಯಸ್ಸು ಒಂದೇ ಅಳತೆ ಹೇಗಾದೀತು? ನೀವು ಪುಸ್ತಕ, ಜಾಲತಾಣ ನೋಡುವಾಗ ಒಂದರಲ್ಲಿ ಒಂದು ಹೆಸರು, ಇನ್ನೊಂದರಲ್ಲಿ ಇನ್ನೊಂದು ಕಂಡರೆ ಹೆದರಬೇಡಿ. ಹೆಚ್ಚಿನ ಸಲ ಮರ ಒಂದೇ, ಕತ್ತರಿ ಇಟ್ಟ ಜಾಗ ಬೇರೆ.

ಹೊರಗೆ ಹೋಗುವ ಮುಂಚೆ

ಪ್ಯಾಕೆಟ್ ಮುಗಿದ ಮೇಲೆ ಮರ, ಬಂಡೆ ನೋಡುವ ಆಸೆ ಬರುತ್ತದೆ. ಮಳೆ ನಿಂತ ಮೇಲಿನ ತಿಂಗಳುಗಳು ಒಳ್ಳೆಯವು. ಕಾಫಿ ತೋಟದ ಸಿಲ್ವರ್ ಓಕ್ ಮರದ ಕಾಂಡ ಒಳ್ಳೆಯ ಪಾಠಶಾಲೆ, ತೋಟದವರ ಒಪ್ಪಿಗೆ ಕೇಳಿ ನೋಡಿ. ಅಭಯಾರಣ್ಯದಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ಚೂರೂ ಕೀಳುವಂತಿಲ್ಲ. ಎಲ್ಲೇ ಆದರೂ ಕಿತ್ತದ್ದು ಬೇಗ ಮರಳಿ ಬರುವುದಿಲ್ಲ, ಬಹುಪಾಲು ಲೈಕೆನ್‌ಗಳು ವರ್ಷಕ್ಕೆ ಬೆಳೆಯುವುದು ಕೆಲವೇ ಮಿಲಿಮೀಟರ್. ಫೋಟೋ ತೆಗೆಯಿರಿ, ಕೆಳಭಾಗದ್ದೂ ಒಂದು ಇರಲಿ. ಬೇಕೇ ಬೇಕೆಂದರೆ ಗಾಳಿಗೆ ಉದುರಿದ ಕೊಂಬೆ ಹುಡುಕಿ.

ಲಕೋಟೆಯ ಮೇಲೆ ಊರು, ಎತ್ತರ, ಮರವೋ ಕಲ್ಲೋ, ತಾರೀಕು, ಹನಿ ಪರೀಕ್ಷೆಯ ಫಲ ಬರೆಯಿರಿ. ಹೆಸರನ್ನು ಪ್ರತ್ಯೇಕ ಚೀಟಿಯಲ್ಲಿ ಬರೆದು ಅಂಟಿಸಿ. ಮುಂದೆ ಹೆಸರು ಬದಲಾದರೆ ಹಳೆಯ ಚೀಟಿ ಕೀಳಬೇಡಿ, ಅದರ ಪಕ್ಕ ಹೊಸದು ಹಚ್ಚಿ. ಸಸ್ಯಸಂಗ್ರಹಾಲಯಗಳಲ್ಲೂ ಹೀಗೇ ಮಾಡುತ್ತಾರೆ. ನನ್ನ ಎರಡನೇ ಗುಡ್ಡೆಯ ಲಕೋಟೆಯ ಮೇಲೆ ಈಗ ಮೂರು ಚೀಟಿಗಳಿವೆ. ಮೊದಲನೆಯದು ಹಳೆಯ ಪುಸ್ತಕ ನೋಡಿ ಬರೆದ ಎವರ್ನಿಯಾಸ್ಟ್ರಮ್. ಎರಡನೆಯದು ಹೈಪೊಟ್ರಾಕಿನಾ. ಮೂರನೆಯದು ಅಮ್ಮನ ಕೈಬರಹ: "ಇದು ಔಷಧಿ ಹಾಕಿದ್ದು, ಅಡುಗೆಗೆ ಅಲ್ಲ."